ಪುಕ್ಕಟೆ ಸೇವೆಯ ಬೆಲೆ ಯಾರು ಕೊಡುತ್ತಾರೆ?
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 

ಈ ವರ್ಷದ ಅರ್ಜಿಗಳನ್ನು ಪರಿಶೀಲಿಸಿದ ಸಮಿತಿಯವರು ನಮಗೊಂದು ವಿಷಯ ತಿಳಿಸಿದರು. 'ಮುಂದೆ ಸಮಾಜಕ್ಕಾಗಿ ಏನು ಮಾಡಬೇಕೆಂದಿದ್ದೀರಿ?' ಎಂಬ ಕಾಲಂನಲ್ಲಿ ಹಲವು ಮಕ್ಕಳು 'ವಿದೇಶದ ಹಳ್ಳಿ ಶಾಲೆಗಳಿಗೆ ಸ್ವಯಂಸೇವಕರಾಗಿ ಹೋಗಿ ಪಾಠ ಮಾಡಬೇಕು' ಎಂದು ಬರೆದಿದ್ದಾರಂತೆ. ನಾವು ಗಂಡ ಹೆಂಡತಿ ನಿವೃತ್ತಿಯಾದ ಮೇಲೆ ನೇಪಾಳದ ಒಂದು ಬೆಟ್ಟದ ಶಾಲೆಗೆ ಹೋಗಿಬಂದವರು. ಅದು ಗೊತ್ತಿದ್ದ ಕಾರಣ ಇವತ್ತು ನಮ್ಮನ್ನು ಇಲ್ಲಿ ನಿಲ್ಲಿಸಿದ್ದಾರೆ. ಹುರಿದುಂಬಿಸುವ ನಾಲ್ಕು ಮಾತು ಹೇಳಲಿ ಎಂಬುದು ಅವರ ನಿರೀಕ್ಷೆ ಇರಬೇಕು. ನಾವು ಮೊದಲು ನಮ್ಮ ತಪ್ಪಿನ ಬಗ್ಗೆ ಹೇಳುತ್ತೇವೆ.

ನಮ್ಮಿಬ್ಬರಲ್ಲಿ ಒಬ್ಬರು ಬ್ಯಾಂಕಿನಲ್ಲಿದ್ದವರು, ಒಬ್ಬರು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೂವತ್ತೊಂದು ವರ್ಷ ಮೇಷ್ಟ್ರಾಗಿದ್ದವರು. 2018ರ ನವೆಂಬರಿನಲ್ಲಿ, ನೇಪಾಳದ ದಶೈಂ, ತಿಹಾರ್ ಹಬ್ಬಗಳ ರಜೆ ಮುಗಿದ ಮೇಲೆ ಹೊರಟೆವು. ಯಶವಂತಪುರದಿಂದ ಗೋರಖ್‌ಪುರಕ್ಕೆ ರೈಲು, ಅಲ್ಲಿಂದ ಸೋನೌಲಿ ಗಡಿ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ, ಗುರುತಿನ ಚೀಟಿ ಸಾಕು. ಗಡಿ ದಾಟಿದರೆ ನಮ್ಮ ನೂರು ರೂಪಾಯಿ ಅಲ್ಲಿಯ ನೂರ ಅರವತ್ತು. 1993ರಿಂದ ಈ ಲೆಕ್ಕ ಬದಲಾಗಿಲ್ಲ. ಮುಂದೆ ನಾರಾಯಣಘಾಟ್, ಮುಗ್ಲಿಂಗ್, ಆಬು ಖೈರೇನಿ ಮಾರ್ಗವಾಗಿ ಗೋರ್ಖಾ ಬಜಾರ್. ಅಲ್ಲಿಂದ ದರೌದಿ ನದಿಯ ಕಣಿವೆಯಲ್ಲಿ ಜೀಪು. ಜೀಪಿನ ದಾರಿ ಮುಗಿದಲ್ಲಿಂದ ಮೂರೂವರೆ ಗಂಟೆ ಕಲ್ಲುಮೆಟ್ಟಿಲು ಹತ್ತಬೇಕು. ಆ ಊರಿನ ಹುಡುಗರಿಗೆ ಅದು ಒಂದೂವರೆ ಗಂಟೆಯ ದಾರಿ.

2015ರ ಏಪ್ರಿಲ್ 25ರ ಭೂಕಂಪದ ಕೇಂದ್ರ ಇದೇ ಗೋರ್ಖಾ ಜಿಲ್ಲೆಯ ಬಾರ್ಪಾಕ್ ಬಳಿ ಇತ್ತು. ತೀವ್ರತೆ 7.8. ಸುಮಾರು ಒಂಬತ್ತು ಸಾವಿರ ಜನ ತೀರಿಹೋದರು, ಸಾವಿರಾರು ಶಾಲೆಗಳು ನೆಲಕ್ಕೆ ಬಿದ್ದವು. ಅಂದು ಶನಿವಾರ. ಆಗ ನೇಪಾಳದಲ್ಲಿ ವಾರದ ರಜೆ ಶನಿವಾರ, ಭಾನುವಾರ ಶಾಲೆ ಇರುತ್ತಿತ್ತು. ಭೂಮಿ ನಡುಗಿದ್ದು ಮಧ್ಯಾಹ್ನ ಹನ್ನೆರಡಕ್ಕೆ ನಾಲ್ಕೇ ನಿಮಿಷ ಇದ್ದಾಗ. ಬೇರೆ ದಿನವಾಗಿದ್ದರೆ ಅದು ಮಕ್ಕಳೆಲ್ಲ ತರಗತಿಯಲ್ಲಿ ಕುಳಿತಿರುವ ಹೊತ್ತು. ನಾವಿದ್ದ ಊರಿನ ಹಳೆಯ ಕಲ್ಲಿನ ಶಾಲೆಯ ಗೋಡೆ ಬೆಂಚುಗಳ ಮೇಲೇ ಕುಸಿದಿತ್ತಂತೆ. ಆ ಜಾಗವನ್ನು ನಮಗೆ ತೋರಿಸಿದ ಅಜ್ಜಿ ಏನೂ ಹೇಳಲಿಲ್ಲ, ಆಕಾಶದ ಕಡೆ ಕೈ ಎತ್ತಿದರು ಅಷ್ಟೆ. ನಾವೂ ಅಲ್ಹಮ್ದುಲಿಲ್ಲಾಹ್ ಎಂದೆವು.

ಹೊಸ ಶಾಲೆಯಲ್ಲಿ ತಗಡಿನ ಮಾಡಿನ ಎರಡು ಕೋಣೆ. ಒಂದರಿಂದ ಐದನೇ ತರಗತಿವರೆಗೆ ಒಟ್ಟು 37 ಮಕ್ಕಳು. ಸರ್ಕಾರದ ಸಂಬಳ ಪಡೆಯುವ ಶಿಕ್ಷಕರು ಇಬ್ಬರು. ಅವರಲ್ಲಿ ಒಬ್ಬರು ಮುಖ್ಯೋಪಾಧ್ಯಾಯರು, ಕಾಗದಪತ್ರದ ಕೆಲಸಕ್ಕೆ ಆಗಾಗ ಬೆಟ್ಟ ಇಳಿಯಬೇಕಾದವರು. ಇನ್ನೊಬ್ಬ ಶಿಕ್ಷಕಿ ಅದೇ ಊರಿನ ಯುವತಿ. ಆಕೆಗೆ ಸರ್ಕಾರದಿಂದ ಏನೂ ಇಲ್ಲ, ಪೋಷಕರ ಸಮಿತಿ ಮನೆಮನೆಯಿಂದ ಕೂಡಿಸಿ ತಿಂಗಳಿಗೆ 8,000 ನೇಪಾಳಿ ರೂಪಾಯಿ ಕೊಡುತ್ತಿತ್ತು. ನಮ್ಮ ಲೆಕ್ಕದಲ್ಲಿ 5,000.

ಊರಿನಲ್ಲಿ ಗಂಡಸರು ಕಡಿಮೆ. ಕತಾರ್, ದುಬೈ, ಮಲೇಷ್ಯಾ ಎಂದು ಹೋಗಿದ್ದರು. ಈ ಸಭೆಯಲ್ಲಿ ಕೂತಿರುವ ಎಷ್ಟೋ ಮನೆಗಳ ಹಾಗೆ. ದೋಹಾದಿಂದ ಸ್ವಲ್ಪ ದುಡ್ಡು ಬರತೊಡಗಿದ ಕೂಡಲೇ ಆ ಮನೆಯವರು ಮಕ್ಕಳನ್ನು ಕರೆದುಕೊಂಡು ಕೆಳಗಿನ ಬಜಾರಿಗೆ ಇಳಿಯುತ್ತಾರೆ. ಅಲ್ಲಿ ಇಂಗ್ಲಿಷ್ ಮಾಧ್ಯಮದ 'ಬೋರ್ಡಿಂಗ್' ಶಾಲೆ ಇದೆ. ಮೇಲೆ ಉಳಿಯುವವರು ಇಳಿಯಲಾಗದವರು. ಹಾಗಾಗಿ ಸಮಿತಿಯವರಿಗೆ ನಮ್ಮಿಂದ ಬೇಕಾಗಿದ್ದು ಇಂಗ್ಲಿಷ್. 'ನಮ್ಮಲ್ಲೂ ವಿದೇಶಿ ಮೇಷ್ಟ್ರು ಬಂದಿದ್ದಾರೆ' ಎಂದು ಹೇಳಿಕೊಂಡರೆ ಇನ್ನೊಂದೆರಡು ವರ್ಷ ಮಕ್ಕಳು ನಿಲ್ಲುತ್ತಾರೆ ಎಂಬ ಆಸೆ. ನಮ್ಮ ಬಣ್ಣ ನೋಡಿ ಮಕ್ಕಳಿಗೆ ಸ್ವಲ್ಪ ನಿರಾಶೆಯೇ ಆಯಿತು. 'ಇವರು ನಮ್ಮ ಹಾಗೇ ಇದ್ದಾರಲ್ಲ' ಎಂದು ಒಬ್ಬ ಹುಡುಗ ಜೋರಾಗಿಯೇ ಹೇಳಿದ.

ಭಾಷೆ ಅಷ್ಟೇನೂ ಕಷ್ಟವಾಗಲಿಲ್ಲ. ನಮ್ಮ ಮನೆಮಾತು ಉರ್ದು, ಅವರಿಗೆ ಸಿನಿಮಾದಿಂದ ಹಿಂದಿ ಗೊತ್ತು. ನೇಪಾಳಿಯ ಲಿಪಿಯೂ ದೇವನಾಗರಿಯೇ. ಮೊದಲ ದಿನದಿಂದಲೇ ಇಂಗ್ಲಿಷ್ ಪಾಠ ಶುರು ಮಾಡಿದೆವು. ಹಾಡು, ಬಣ್ಣಗಳ ಹೆಸರು, ವಾರದ ದಿನಗಳು. ಮಕ್ಕಳು ಗಿಳಿಗಳ ಹಾಗೆ ಒಪ್ಪಿಸಿದರು. ಅದನ್ನು ಫೋನಿನಲ್ಲಿ ಚಿತ್ರೀಕರಿಸಿ ಇಲ್ಲಿಯ ನೆಂಟರಿಗೆಲ್ಲ ಕಳಿಸಿದೆವು. ನಿಮ್ಮಲ್ಲೂ ಕೆಲವರು ನೋಡಿ ಹೊಗಳಿದ್ದೀರಿ.

ಹನ್ನೆರಡನೇ ದಿನ ಮೂರನೇ ತರಗತಿಯ ಹುಡುಗಿಯೊಬ್ಬಳನ್ನು ಕೇಳಿದೆವು, 'ನಿಮ್ಮ ಮಿಸ್ ಇದ್ದರಲ್ಲ, ಹಬ್ಬದ ರಜೆಯಿಂದ ಇನ್ನೂ ಬಂದಿಲ್ಲವೇ?' ಆಕೆ ಹೇಳಿದಳು: 'ನೀವಿರುವ ತನಕ ಬರಬೇಡ ಎಂದಿದ್ದಾರೆ.'

ಸಮಿತಿಯವರನ್ನು ವಿಚಾರಿಸಿದೆವು. ಅವರು ಮುಚ್ಚುಮರೆ ಮಾಡಲಿಲ್ಲ. ಪುಕ್ಕಟೆಯಾಗಿ ಇಬ್ಬರು ಬಂದಿರುವಾಗ ಎರಡು ತಿಂಗಳು ಮನೆಮನೆಯಿಂದ ಯಾಕೆ ದುಡ್ಡು ಕೇಳಬೇಕು, ಉಳಿದ ಹಣದಲ್ಲಿ ನೀರಿನ ಪೈಪು ಸರಿಮಾಡಿಸಬಹುದು ಎಂಬುದು ಅವರ ಲೆಕ್ಕ. ಆ ಬಡವರ ಲೆಕ್ಕದಲ್ಲಿ ತಪ್ಪು ಹುಡುಕಲು ನಮಗೆ ಬಾಯಿ ಬರಲಿಲ್ಲ. ತಪ್ಪು ನಮ್ಮದು. ಹೊರಡುವ ಮೊದಲು ನಾವು ಕೇಳಿದ್ದು ಊಟ ಎಲ್ಲಿ, ಚಳಿ ಎಷ್ಟು, ಫೋನ್ ಸಿಗ್ನಲ್ ಸಿಗುತ್ತದೆಯೇ ಎಂದು. ನಾವು ನಿಲ್ಲುವ ಜಾಗದಲ್ಲಿ ಈಗ ಯಾರು ನಿಂತಿದ್ದಾರೆ ಎಂದು ಕೇಳಿರಲಿಲ್ಲ.

ಸಂಜೆ ಆಕೆಯ ಮನೆಗೆ ಹೋದೆವು. ಅಂಗಳದಲ್ಲಿ ರಾಗಿ ತೆನೆ ಬಡಿಯುತ್ತಿದ್ದರು. ಹೌದು, ನಮ್ಮ ರಾಗಿಯೇ, ಅಲ್ಲಿ ಅದನ್ನು ಕೋದೋ ಎನ್ನುತ್ತಾರೆ. ಚಹಾ ಕೊಟ್ಟರು. ಸಿಟ್ಟು ತೋರಿಸಲಿಲ್ಲ. ತಮ್ಮನ ಕಾಲೇಜು ಶುಲ್ಕಕ್ಕೆ ಆ ಸಂಬಳವನ್ನೇ ನಂಬಿದ್ದೆ ಎಂದಷ್ಟೇ ಹೇಳಿದರು. ಇಲ್ಲಿ ಕೂತಿರುವ ಹೆತ್ತವರಿಗೆ ಆ ಮಾತಿನ ಭಾರ ಗೊತ್ತು. ನಮ್ಮ ಸೇವೆ ಯಾರಿಗೂ ಹೊರೆಯಾಗಿಲ್ಲ ಎಂದುಕೊಂಡಿದ್ದೆವು. ಹನ್ನೆರಡು ದಿನ ಅದರ ಬೆಲೆಯನ್ನು ಆ ಹುಡುಗಿ ಕೊಟ್ಟಿದ್ದಳು.

ಎರಡು ತಿಂಗಳ ಸಂಬಳವನ್ನು ನಾವೇ ಸಮಿತಿಯ ಕೈಗೆ ಕೊಟ್ಟು, ಸಮಿತಿಯ ಮೂಲಕವೇ ಆಕೆಗೆ ಕೊಡಿಸಿದೆವು. ನೇರವಾಗಿ ಕೊಟ್ಟಿದ್ದರೆ ಆಕೆ ನಮ್ಮ ಆಳಾಗುತ್ತಿದ್ದರು, ಊರಿನ ಶಿಕ್ಷಕಿಯಾಗಿ ಉಳಿಯುತ್ತಿರಲಿಲ್ಲ. ಮರುದಿನದಿಂದ ಪಾಠ ಆಕೆಯದು, ನಾವು ಹಿಂದಿನ ಗೋಡೆಯ ಬಳಿ ಕೂತೆವು. ಆಗಷ್ಟೇ ನಮಗೆ ಆ ಶಾಲೆ ಕಣ್ಣಿಗೆ ಬಿದ್ದದ್ದು. ಒಂದೇ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿ. ಆಕೆ ಒಂದನೆಯವರಿಗೆ ಹೇಳಿಕೊಡುವಾಗ ಉಳಿದ ಎರಡು ತರಗತಿಯವರು ಸುಮ್ಮನೆ ಕೂರಬೇಕು. ದಿನದ ಮೂರರಲ್ಲಿ ಎರಡು ಭಾಗ ಪ್ರತಿ ಮಗುವೂ ಕಾಯುತ್ತಾ ಕಳೆಯುತ್ತಿತ್ತು. ಇಂಗ್ಲಿಷ್ ಹಾಡು ಒಪ್ಪಿಸಿದ ಮೂರನೆಯ ತರಗತಿಯ ಹುಡುಗಿಗೆ ನೇಪಾಳಿ ಪಠ್ಯದ ಒಂದು ವಾಕ್ಯ ಓದಲು ಬರುತ್ತಿರಲಿಲ್ಲ. ಆಕೆಯ ಮನೆಮಾತು ಗುರುಂಗ್, ನೇಪಾಳಿಯೇ ಅವಳಿಗೆ ಎರಡನೇ ಭಾಷೆ. ಅದರ ಮೇಲೆ ನಾವು ಮೂರನೆಯದನ್ನು ಹೇರಿದ್ದೆವು.

ಇಲ್ಲಿ ನಮ್ಮ ಮೇಷ್ಟ್ರ ಹಳೆಯ ಅನುಭವ ಕೆಲಸಕ್ಕೆ ಬಂತು. ಅವರು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿದ್ದವರು. 1995ರಲ್ಲಿ ಯುನಿಸೆಫ್ ನೆರವಿನಿಂದ 'ನಲಿ-ಕಲಿ' ಶುರುವಾದದ್ದು ಅಲ್ಲಿಯೇ. ಆಂಧ್ರದ ರಿಷಿ ವ್ಯಾಲಿಯ ಸಣ್ಣ ಶಾಲೆಗಳನ್ನು ನೋಡಿ ಬಂದ ನಮ್ಮದೇ ಸರ್ಕಾರಿ ಶಿಕ್ಷಕರು ಕೂತು ರೂಪಿಸಿದ ಪದ್ಧತಿ ಅದು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ನಿಮ್ಮ ಮಕ್ಕಳಲ್ಲಿ ಎಷ್ಟೋ ಜನ ಅದರಲ್ಲೇ ಕಲಿತಿರಬಹುದು. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಲಿಕಾ ಏಣಿ ಮಾಡಿ ಗೋಡೆಗೆ ಹಾಕುತ್ತಾರೆ. ಒಂದೊಂದು ಮೆಟ್ಟಿಲಿಗೆ ಒಂದು ಕಾರ್ಡು, ಕಾರ್ಡಿನ ಮೇಲೆ ಗುರುತಿಗೆ ಚಿತ್ರ. ಮಗು ತಾನು ಎಲ್ಲಿದ್ದೇನೆಂದು ತಾನೇ ನೋಡಿಕೊಂಡು ಕಾರ್ಡು ಎತ್ತಿಕೊಳ್ಳುತ್ತದೆ. ಕಾರ್ಡಿಗೆ ತಕ್ಕಂತೆ ಐದು 'ತಟ್ಟೆ'ಗಳಲ್ಲಿ ಒಂದರಲ್ಲಿ ಕೂರುತ್ತದೆ. ಒಂದು ತಟ್ಟೆಗೆ ಶಿಕ್ಷಕಿ ಪೂರ್ತಿ ಬೇಕು, ಒಂದಕ್ಕೆ ಅರ್ಧ ಸಾಕು, ಎರಡರಲ್ಲಿ ಗೆಳೆಯರೇ ಹೇಳಿಕೊಡುತ್ತಾರೆ, ಕೊನೆಯದರಲ್ಲಿ ತಾನೇ ಮಾಡುತ್ತದೆ. ನಾಲ್ಕು ದಿನ ಜ್ವರ ಬಂದು ಮನೆಯಲ್ಲಿದ್ದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಶಿಕ್ಷಕರು ಕಡಿಮೆ, ತರಗತಿಗಳು ಹೆಚ್ಚು ಇರುವ ಶಾಲೆಗೆಂದೇ ಹುಟ್ಟಿದ ಪದ್ಧತಿ.

ಈ ಪದ್ಧತಿಯಲ್ಲೂ ಕೊರತೆಗಳಿವೆ. ಕಾರ್ಡು ಹರಿದುಹೋದರೆ, ಶಿಕ್ಷಕರಿಗೆ ಮನಸ್ಸಿಲ್ಲದಿದ್ದರೆ ಅದು ಗೋಡೆಯ ಅಲಂಕಾರ ಮಾತ್ರ. ನಮ್ಮ ಊರುಗಳಲ್ಲೇ ಹಾಗಾದದ್ದನ್ನು ಕಂಡಿದ್ದೇವೆ.

ಉಳಿದ ಆರು ವಾರ ನಾವು ಒಂದೂ ಪಾಠ ಮಾಡಲಿಲ್ಲ. ಅಂಗಡಿಗಳಿಂದ ನೂಡಲ್ಸ್ ಡಬ್ಬಗಳ ರಟ್ಟು ತಂದೆವು. ನೇಪಾಳಿಯ ಒಂದು ಮತ್ತು ಎರಡನೇ ತರಗತಿಯ ಪಠ್ಯವನ್ನು ಆಕೆಯೇ ಮೆಟ್ಟಿಲು ಮೆಟ್ಟಿಲಾಗಿ ಒಡೆದರು. ನಮ್ಮ ಮೇಷ್ಟ್ರು ಪಕ್ಕದಲ್ಲಿ ಕೂತು 'ಇದು ಒಂದು ಕಾರ್ಡಿಗೆ ಜಾಸ್ತಿಯಾಯಿತು' ಎನ್ನುತ್ತಿದ್ದರು, ಬ್ಯಾಂಕಿನವರು ಕತ್ತರಿಸಿ ಅಂಟಿಸುತ್ತಿದ್ದರು. ಚಿತ್ರಗಳು ಅಲ್ಲಿಯವೇ: ಡೋಕೋ ಬುಟ್ಟಿ, ಎಮ್ಮೆ, ತೂಗುಸೇತುವೆ, ಕುಕ್ರಿ. ಅಕ್ಷರ ಸುಂದರವಾಗಿರಲಿಲ್ಲ. ಒಟ್ಟು 214 ಕಾರ್ಡು.

ನಡುವೆ ಒಂದು ಶುಕ್ರವಾರ ಕೆಳಗಿನ ಊರಿಗೆ ಹೋಗಿದ್ದೆವು. ಗೋರ್ಖಾ, ತನಹುಂ, ಕಾಸ್ಕಿ, ಸ್ಯಾಂಗ್ಜಾ ಜಿಲ್ಲೆಗಳ ಬೆಟ್ಟಗಳಲ್ಲಿ ತಲೆಮಾರುಗಳಿಂದ ಮುಸ್ಲಿಮರಿದ್ದಾರೆ. ಚುರೌಟೆ ಎಂದು ಕರೆಯುತ್ತಾರೆ, ಚೂರಾ ಎಂದರೆ ಬಳೆ. ಬಳೆಗಾರರು. ಜುಮಾ ನಮಾಝ್ ಆದ ಮೇಲೆ ಊಟಕ್ಕೆ ಕರೆದರು. ಅವರ ಮಕ್ಕಳೂ ಇಂಥದೇ ಸಣ್ಣ ಸರ್ಕಾರಿ ಶಾಲೆಗೆ ಹೋಗುತ್ತಿದ್ದರು, ಅವರ ಚಿಂತೆಯೂ ಇದೇ.

ಕೇಳಿ ಕೆಲಸ ಮಾಡುವುದು ನಮ್ಮ ಹೊಸ ಶೋಧನೆಯಲ್ಲ. ಎವರೆಸ್ಟ್ ಹತ್ತಿದ ಎಡ್ಮಂಡ್ ಹಿಲರಿ ಶೆರ್ಪಾ ಜನರನ್ನು 'ನಿಮಗೆ ಏನು ಬೇಕು' ಎಂದು ಕೇಳಿದಾಗ ಅವರು ಕೇಳಿದ್ದು ಶಾಲೆ. 1961ರಲ್ಲಿ ಖುಂಜುಂಗ್‌ನಲ್ಲಿ ಅಲ್ಯೂಮಿನಿಯಂ ಹಾಳೆಗಳ ಶಾಲೆ ಎದ್ದಿತು. ಪಾಠಕ್ಕೆ ಹಿಲರಿ ನಿಲ್ಲಲಿಲ್ಲ, ಡಾರ್ಜಿಲಿಂಗ್‌ನಿಂದ ಒಬ್ಬ ಶೆರ್ಪಾ ಶಿಕ್ಷಕರನ್ನು ಕರೆಸಿದರು. 1975ರಲ್ಲಿ ಹಿಲರಿಯವರ ಪತ್ನಿ ಮತ್ತು ಕಿರಿಯ ಮಗಳು ಕಾಠ್ಮಂಡುವಿನ ಬಳಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಫಾಪ್ಲುವಿನಲ್ಲಿ ಆಸ್ಪತ್ರೆ ಕಟ್ಟುತ್ತಿದ್ದ ಅವರನ್ನು ಸೇರಲು ಹೊರಟಿದ್ದರು. ಅದರ ನಂತರವೂ 2008ರಲ್ಲಿ ಸಾಯುವವರೆಗೆ ಆ ಮನುಷ್ಯ ಆ ಬೆಟ್ಟಗಳ ನಂಟು ಬಿಡಲಿಲ್ಲ. ಖುಂಜುಂಗ್ ಶಾಲೆಯಲ್ಲಿ ಓದಿದ ಮಿಂಗ್ಮಾ ನೋರ್ಬು ಶೆರ್ಪಾ ಮುಂದೆ ಸಾಗರಮಾಥಾ ರಾಷ್ಟ್ರೀಯ ಉದ್ಯಾನದ ಮುಖ್ಯಸ್ಥರಾದರು.

ಮಕ್ಕಳೇ, ದುಡ್ಡು ತೆಗೆದುಕೊಂಡು 'ಎರಡು ವಾರ ಅನಾಥ ಮಕ್ಕಳ ಸೇವೆ' ಮಾಡಿಸುವ ಜಾಹೀರಾತುಗಳು ನಿಮ್ಮ ಫೋನಿಗೆ ಬರುತ್ತವೆ. ಅವುಗಳ ಬಗ್ಗೆ ಜಾಗ್ರತೆ. ನೇಪಾಳದಲ್ಲಿ ತಂದೆತಾಯಿ ಇರುವ ಮಕ್ಕಳನ್ನೇ ಓದಿಸುತ್ತೇವೆಂದು ಬೆಟ್ಟದಿಂದ ಇಳಿಸಿ, ಪೇಟೆಯ ಮಕ್ಕಳ ಮನೆಗಳಲ್ಲಿಟ್ಟು ವಿದೇಶಿಯರಿಗೆ ತೋರಿಸಿದ ಪ್ರಕರಣಗಳು ಬಹಳ. ಅಲ್ಲಿಗೆ ಸ್ವಯಂಸೇವಕ ಹೆಚ್ಚು ಬಂದಷ್ಟೂ ಬೆಟ್ಟದಿಂದ ಮಗು ಹೆಚ್ಚು ಇಳಿಯುತ್ತದೆ.

ದಾನಿಗಳು ಕೇಳುವ ಮುಂಚೆ ನಾವೇ ಹೇಳಿಬಿಡುತ್ತೇವೆ: ಇದಕ್ಕೆ ಈ ಟ್ರಸ್ಟಿನ ಒಂದು ಪೈಸೆಯೂ ಹೋಗಿಲ್ಲ. ನೀವು ವಿದ್ಯಾರ್ಥಿವೇತನಕ್ಕೆಂದು ಕೊಟ್ಟದ್ದು ಅಮಾನತ್. ಅಲ್ಲದೆ ಧರ್ಮಾರ್ಥ ಟ್ರಸ್ಟಿನ ಆದಾಯವನ್ನು ದೇಶದ ಹೊರಗೆ ಖರ್ಚು ಮಾಡಿದರೆ, ವಿಶೇಷ ಅನುಮತಿ ಇಲ್ಲದಿದ್ದಲ್ಲಿ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಹೋಗಿಬಂದ ಖರ್ಚು, ಆ ಸಂಬಳ, ನಂತರ ಎರಡು ವರ್ಷ ಸಮಿತಿಗೆ ಕಳಿಸಿದ ಅರ್ಧ ಪಾಲು ನಮ್ಮ ಪಿಂಚಣಿಯದು. ಉಳಿದರ್ಧ ಊರಿನವರೇ ಕೂಡಿಸಬೇಕು ಎಂಬುದು ಒಪ್ಪಂದ. ಕೊರೊನಾ ವರ್ಷದಲ್ಲೂ ಅವರು ಒಂದು ತಿಂಗಳೂ ತಪ್ಪಿಸಲಿಲ್ಲ. ನಾವು ಒಮ್ಮೆ ತಡಮಾಡಿದೆವು.

2023ರಲ್ಲಿ ಮತ್ತೆ ಹೋದೆವು. ಮಕ್ಕಳು 37ರಿಂದ 24ಕ್ಕೆ ಇಳಿದಿದ್ದರು. ಕೆಳಗಿನ ಶಾಲೆಯೊಂದಿಗೆ ವಿಲೀನ ಮಾಡುವ ಮಾತು ನಡೆದಿತ್ತು, ಚಿಕ್ಕ ಮಕ್ಕಳು ಅಷ್ಟು ಮೆಟ್ಟಿಲು ಇಳಿದು ಹತ್ತುವುದು ಹೇಗೆಂದು ತಾಯಂದಿರು ತಡೆದಿದ್ದರು. ನಮ್ಮ ಶಿಕ್ಷಕಿ ಅಲ್ಲಿರಲಿಲ್ಲ. ಶಿಕ್ಷಕ ಸೇವಾ ಆಯೋಗದ ಪರೀಕ್ಷೆ ಪಾಸಾಗಿ ಬೇರೆ ಜಿಲ್ಲೆಯಲ್ಲಿ ಕಾಯಂ ಕೆಲಸ ಸಿಕ್ಕಿತ್ತು. ನಮಗೆ ಸಂತೋಷವೂ ಆಯಿತು, ಎದೆಯೂ ಧಸಕ್ಕೆಂದಿತು. ಆದರೆ ಗೋಡೆಯ ಮೇಲೆ ಏಣಿ ಇತ್ತು. ಆಕೆಯ ಜಾಗಕ್ಕೆ ಬಂದಿದ್ದ ಹೊಸ ಹುಡುಗಿಗೆ ಹೊರಡುವ ಮೊದಲು ಮೂರು ವಾರ ಆಕೆಯೇ ಕಲಿಸಿಹೋಗಿದ್ದರಂತೆ. 214ರಲ್ಲಿ ಅರ್ಧದಷ್ಟು ಕಾರ್ಡುಗಳು ಹೊಸ ರಟ್ಟಿನಲ್ಲಿ, ನಮಗೆ ಗುರುತಿಲ್ಲದ ಕೈಬರಹದಲ್ಲಿದ್ದವು. ಹಳೆಯವನ್ನು ಇಲಿ ತಿಂದಿತ್ತು.

ಈಗ ಆ ಹೊಸ ಶಿಕ್ಷಕಿ ಒಂದು ಬೇಡಿಕೆ ಕಳಿಸಿದ್ದಾರೆ. ಮೂರನೇ ತರಗತಿಯ ಗಣಿತಕ್ಕೆ ನಮ್ಮಲ್ಲಿ ಕಾರ್ಡು ಹೇಗೆ ಮಾಡುತ್ತಾರೆ, ಮಾದರಿ ಬೇಕಂತೆ. ಮಾತು ಕಡಿಮೆ, ಚಿತ್ರ ಹೆಚ್ಚು ಇರಬೇಕು, ಅವರು ನೇಪಾಳಿಯಲ್ಲಿ ಬರೆದುಕೊಳ್ಳುತ್ತಾರೆ. ವಿದೇಶಕ್ಕೆ ಹೋಗಬೇಕೆಂದು ಅರ್ಜಿಯಲ್ಲಿ ಬರೆದ ಮಕ್ಕಳಿಗೆ ಇದೋ ಕೆಲಸ. ಬರುವ ಭಾನುವಾರ ಝುಹರ್ ನಂತರ ಟ್ರಸ್ಟಿನ ಕಚೇರಿಯ ಮಹಡಿಗೆ ಬನ್ನಿ. ಕತ್ತರಿ, ಬಣ್ಣ ನಾವು ತರುತ್ತೇವೆ. ಮನೆಯಲ್ಲಿ ದಪ್ಪ ರಟ್ಟು ಇದ್ದರೆ ನೀವು ತನ್ನಿ, ಒದ್ದೆಯಾದದ್ದು ಬೇಡ.