ಊರಿಗೆ ಬಂದ ಆಟದ ಮಾಸ್ತರ

(ಶಿಕ್ಷಕರು ಮತ್ತು ಪಾಲಕರ ಮುಂದೆ ಮಾಡಿದ ಭಾಷಣದ ಬರಹರೂಪ)



ಪುರ್ತಗೇರಿಯಂಥ ಊರಿಗೆ ನಾಟಕ ಕಲಿಸುವವನೊಬ್ಬ ಹೊರಗಿನಿಂದ ಬರುವುದು ಹೊಸ ಸಂಗತಿಯೇನಲ್ಲ. ಈ ಊರು ಮೊದಲು ರೋಣ ತಾಲೂಕಿನಲ್ಲಿತ್ತು, ಈಗ ಗಜೇಂದ್ರಗಡ ತಾಲೂಕಿನಲ್ಲಿದೆ. ತಾಲೂಕು ಬದಲಾಯಿತು, ಜಿಲ್ಲೆಯೂ ಬದಲಾಯಿತು. 1997ರವರೆಗೆ ಧಾರವಾಡ ಜಿಲ್ಲೆ, ಆಮೇಲೆ ಗದಗ ಜಿಲ್ಲೆ. ಆದರೆ ಈ ಸೀಮೆಯ ಹಳ್ಳಿಗಳಲ್ಲಿ ಒಂದು ರೂಢಿ ಮಾತ್ರ ಬಹುಕಾಲ ಬದಲಾಗಲಿಲ್ಲ. ಸುಗ್ಗಿ ಮುಗಿದು ಕಣ ಬರಿದಾದ ಮೇಲೆ, ಜಾತ್ರೆ ಇನ್ನೂ ಎರಡು ತಿಂಗಳಿದೆ ಎನ್ನುವಾಗ, ಊರಿನ ಹುಡುಗರು ಸೇರಿ ಒಬ್ಬ ಮಾಸ್ತರನನ್ನು ಕರೆತರುತ್ತಿದ್ದರು. ದೊಡ್ಡಾಟವಾದರೆ ಆಟದ ಮಾಸ್ತರ, ಕಂಪನಿ ಶೈಲಿಯ ನಾಟಕವಾದರೆ ಪೇಟಿ ಮಾಸ್ತರ. ಆತ ಒಂದು ಪೇಟಿ, ಒಂದು ಚೀಲದೊಂದಿಗೆ ಬಂದು ಊರಲ್ಲೇ ಉಳಿಯುತ್ತಿದ್ದ. ದಿನಕ್ಕೊಂದು ಮನೆಯ ಊಟ. ರಾತ್ರಿ ಗುಡಿಯ ಮುಂದೆಯೋ ಚಾವಡಿಯಲ್ಲಿಯೋ ತಾಲೀಮು.

ಆ ತಾಲೀಮಿನಲ್ಲಿ ನಡೆಯುತ್ತಿದ್ದುದನ್ನು ಈಗಿನ ಶಿಕ್ಷಣತಜ್ಞರು ನೋಡಿದ್ದರೆ ಬೆರಗಾಗುತ್ತಿದ್ದರು. ಓದು ಬಾರದ ಒಕ್ಕಲಿಗನೊಬ್ಬ ನೂರಾರು ಸಾಲಿನ ಮಾತನ್ನು ಕಿವಿಯಿಂದಲೇ ಕಲಿಯುತ್ತಿದ್ದ. ಹಗಲೆಲ್ಲ ಕುಂಟಿ ಹೊಡೆದವನು ರಾತ್ರಿ ಅರ್ಜುನನಾಗುತ್ತಿದ್ದ. ಊರಲ್ಲಿ ತಲೆಯೆತ್ತಿ ಮಾತಾಡದವನು ದುರ್ಯೋಧನನ ಕಿರೀಟ ತೊಟ್ಟು ಗುಡುಗುತ್ತಿದ್ದ. ಅದಕ್ಕೆ ಯಾರೂ ಶಿಕ್ಷಣ ಎನ್ನಲಿಲ್ಲ, ಆಟ ಎಂದರು. ಆ ಹೆಸರೇ ಅದರ ಪುಣ್ಯ.

ಇಂದು ಶಾಲೆಗಳಿಗೆ ಮೂಕಾಭಿನಯ, ನಾಟಕ ಕಲಿಸಲು ಬರುವ ಕಲಾವಿದ ಈ ಮಾಸ್ತರನ ವಂಶದವನೇ. ಆತ ಏನು ಕಲಿಸುತ್ತಾನೆ, ಯಾಕೆ ಕಲಿಸುತ್ತಾನೆ, ಆತ ಹೋದ ಮೇಲೆ ಏನು ಉಳಿಯುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಬಹುದು.

ಅದಕ್ಕೂ ಮುಂಚೆ ಗದಗಿನ ಒಂದು ನೆನಪು. ಉತ್ತರ ಕರ್ನಾಟಕದ ಊರುಗಳಲ್ಲಿ ಮರಾಠಿ ನಾಟಕ ಮಂಡಳಿಗಳೇ ಮೆರೆಯುತ್ತಿದ್ದ 1870ರ ದಶಕದಲ್ಲಿ, ಕನ್ನಡಿಗರಿಗೆ ಕನ್ನಡದಲ್ಲೇ ನಾಟಕ ಬೇಕೆಂದು ಹಟ ತೊಟ್ಟು ಗದಗಿನಲ್ಲಿ ಮಂಡಳಿ ಕಟ್ಟಿದವರು ಸಕ್ಕರಿ ಬಾಳಾಚಾರ್ಯರು. ಶಾಂತಕವಿ ಎಂದರೆ ಎಲ್ಲರಿಗೂ ಗೊತ್ತು. ಕೃತಪುರ ನಾಟಕ ಮಂಡಳಿ ಎಂಬುದು ಆ ಮಂಡಳಿಯ ಹೆಸರು. ಕೃತಪುರ ಎಂದರೆ ಗದಗು. ‘ಉಷಾಹರಣ’ ಅವರು ಬರೆದ ಮೊದಲ ನಾಟಕಗಳಲ್ಲೊಂದು. ಈ ಶಾಂತಕವಿಗಳ ವೃತ್ತಿ ಯಾವುದು? ಅವರು ಶಾಲಾ ಮಾಸ್ತರರು. ಅಂದರೆ ಈ ಸೀಮೆಯಲ್ಲಿ ಕನ್ನಡ ನಾಟಕದ ದೀಪ ಹೊತ್ತಿದ್ದು ಒಬ್ಬ ಶಿಕ್ಷಕನ ಕೈಯಿಂದ. ಮುಂದೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಬಂತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮತ್ತು ಅನಾಥ ಮಕ್ಕಳನ್ನು ಸಾಕಲು ಪಂಚಾಕ್ಷರಿ ಗವಾಯಿಗಳು ಹಿಡಿದ ದಾರಿಗಳಲ್ಲಿ ನಾಟಕವೂ ಒಂದಾಯಿತು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ತಾವೇ ನಾಟಕ ಬರೆದು ಕಂಪನಿ ನಡೆಸಿದರು. ಕಣ್ಣಿಲ್ಲದ ಮಕ್ಕಳಿಗೆ ರಂಗಭೂಮಿ ಅನ್ನ ಕೊಟ್ಟ ನೆಲ ಇದು. ಇಂಥಲ್ಲಿ ಶಾಲೆಗೂ ನಾಟಕಕ್ಕೂ ಸಂಬಂಧವೇನು ಎಂದು ಕೇಳುವುದೇ ಸೋಜಿಗ.

ಈಗ ಮೊದಲನೆಯ ಪ್ರಶ್ನೆ. ಹೊರಗಿನಿಂದ ಬಂದ ಕಲಾವಿದ ಏನು ಕಲಿಸುತ್ತಾನೆ? ಅವನು ಬಂದ ದಿನವೇ ನಾಟಕದ ಮಾತು ಹಂಚುವುದಿಲ್ಲ. ಮೊದಲು ಬೆಂಚುಗಳನ್ನು ಗೋಡೆಗೆ ಸರಿಸುತ್ತಾನೆ. ಮಕ್ಕಳನ್ನು ದುಂಡಗೆ ನಿಲ್ಲಿಸುತ್ತಾನೆ. ದುಂಡಗೆ ನಿಂತಾಗ ಮುಂದಿನ ಸಾಲು, ಹಿಂದಿನ ಸಾಲು ಎಂಬುದಿಲ್ಲ. ಬಳಿಕ ಕನ್ನಡಿಯಾಟ. ಇಬ್ಬರು ಎದುರುಬದುರು ನಿಲ್ಲಬೇಕು. ಒಬ್ಬ ಮಾಡಿದ್ದನ್ನು ಇನ್ನೊಬ್ಬ ಕನ್ನಡಿಯಂತೆ ಮಾಡಬೇಕು. ಆಮೇಲೆ ಇಲ್ಲದ ಹಗ್ಗವನ್ನು ಎರಡು ಗುಂಪು ಜಗ್ಗಬೇಕು. ಹಗ್ಗ ಇಲ್ಲ, ಆದರೆ ಒಬ್ಬರು ಹಿಂದೆ ವಾಲಿದಾಗ ಇನ್ನೊಬ್ಬರು ಮುಂದೆ ಬರಲೇಬೇಕು. ಹಾಗೆ ಬರದಿದ್ದರೆ ಹಗ್ಗ ಹರಿಯಿತು ಎಂದೇ ಲೆಕ್ಕ. ಇದು ಚಿಕ್ಕ ಆಟವಾಗಿ ಕಾಣಬಹುದು. ಆದರೆ ಎದುರಿನವನನ್ನು ಗಮನಿಸದೆ ಈ ಆಟ ಆಡಲು ಬರುವುದಿಲ್ಲ. ಇನ್ನೊಬ್ಬನನ್ನು ಗಮನಿಸುವುದು ನಾಟಕದ ಮೊದಲ ಪಾಠ. ಅದು ಬಾಳಿನದೂ ಹೌದು.

ಇದಾದ ಮೇಲೆ, ‘ನಿಮ್ಮ ಮನೆಯೊಳಗಿನ ಒಂದು ಕೆಲಸ ಮಾಡಿ ತೋರಿಸಿ, ಬಾಯಿ ಬಿಡಬಾರದು’ ಎನ್ನುತ್ತಾನೆ. ಒಬ್ಬ ಹುಡುಗಿ ರೊಟ್ಟಿ ಬಡಿಯಲು ಕೂರುತ್ತಾಳೆ. ಹಿಟ್ಟಿಗೆ ಬಿಸಿನೀರು ಹಾಕಿ ನಾದುತ್ತಾಳೆ, ಉಂಡೆ ಮಾಡುತ್ತಾಳೆ, ಎರಡು ಕೈಯಿಂದ ತಟ್ಟುತ್ತಾಳೆ, ಎತ್ತಿ ಹಂಚಿಗೆ ಹಾಕುತ್ತಾಳೆ, ಮೇಲೆ ನೀರು ಸವರುತ್ತಾಳೆ. ಒಲೆಯ ಹೊಗೆಗೆ ಕಣ್ಣು ಕಿರಿದು ಮಾಡುತ್ತಾಳೆ. ಅಲ್ಲಿ ಹಿಟ್ಟಿಲ್ಲ, ಹಂಚಿಲ್ಲ, ಒಲೆಯೂ ಇಲ್ಲ. ಆದರೂ ನೋಡುವವರ ಮೂಗಿಗೆ ಜೋಳದ ರೊಟ್ಟಿಯ ವಾಸನೆ ಬಡಿಯುತ್ತದೆ. ಗಜೇಂದ್ರಗಡದ ಕಡೆಯ ನೇಕಾರರ ಮನೆಯ ಹುಡುಗನಾದರೆ ಇಲ್ಲದ ಮಗ್ಗದ ಮುಂದೆ ಕೂತು ಲಾಳಿ ಓಡಿಸಿಯಾನು. ಕುರಿ ಕಾಯುವ ಮನೆಯವನು ದಾರಿ ತಪ್ಪಿದ ಮರಿಯನ್ನು ಹೆಗಲ ಮೇಲೆ ಹೊತ್ತು ತಂದಾನು. ಮರಿಯ ಭಾರ ಅವನ ನಡಿಗೆಯಲ್ಲಿ ಕಾಣಬೇಕು.

ಮೂಕಾಭಿನಯದ ಗುಟ್ಟು ಇರುವುದೇ ಇಲ್ಲಿ. ಇಲ್ಲದ ವಸ್ತುವಿಗೆ ಭಾರ ಕೊಡಬೇಕು, ಗಾತ್ರ ಕೊಡಬೇಕು, ಅದು ಇರುವ ಜಾಗ ಬದಲಾಗಬಾರದು. ತುಂಬಿದ ಕೊಡ ಎತ್ತುವಾಗ ಬೆನ್ನು ಬಾಗುತ್ತದೆ, ಉಸಿರು ಬಿಗಿಯುತ್ತದೆ, ಬರಿಗೊಡಕ್ಕೆ ಹಾಗಾಗುವುದಿಲ್ಲ. ಈ ವ್ಯತ್ಯಾಸ ತೋರಿಸಬೇಕಾದರೆ ಮಗು ಮೊದಲು ಅದನ್ನು ನೋಡಿರಬೇಕು. ದಿನವೂ ನೀರು ತರುವ ಅವ್ವನ ಬೆನ್ನನ್ನು ಅದು ಮೊದಲ ಸಲ ಕಣ್ಣಿಟ್ಟು ನೋಡುವುದು ಇಂಥ ಪಾಠದ ಮರುದಿನವೇ. ಯಾವ ನೀತಿಕಥೆಗೂ ಸುಲಭವಾಗಿ ಆಗದ ಕೆಲಸ ಅದು.

ಭರತನ ನಾಟ್ಯಶಾಸ್ತ್ರ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಮೈಯದು ಆಂಗಿಕ, ಮಾತಿನದು ವಾಚಿಕ, ವೇಷಭೂಷಣದ್ದು ಆಹಾರ್ಯ, ಮನಸ್ಸಿನ ಭಾವ ಮೈಮೇಲೆ ಮೂಡುವುದು ಸಾತ್ವಿಕ. ಶಾಲೆ ಮಕ್ಕಳಿಂದ ಬೇಡುವುದು ಬಹುಪಾಲು ವಾಚಿಕವನ್ನೇ. ಎದ್ದು ನಿಂತು ಓದು, ಪದ್ಯ ಒಪ್ಪಿಸು, ಉತ್ತರ ಹೇಳು. ಮಾತಿನಲ್ಲಿ ಚುರುಕಾದವರು ಅಲ್ಲಿ ಗೆಲ್ಲುತ್ತಾರೆ. ತೊದಲುವವರು, ಮನೆಮಾತು ಬೇರೆಯಾಗಿರುವವರು, ನಾಚುವವರು ಹಿಂದೆ ಉಳಿಯುತ್ತಾರೆ. ಲಂಬಾಣಿ ತಾಂಡಾದಿಂದ ಬಂದ ಮಗು ಪುಸ್ತಕದ ಕನ್ನಡಕ್ಕೆ ಹೆದರಿ ಬಾಯಿ ಮುಚ್ಚಿ ಕುಳಿತರೆ, ಅದು ದಡ್ಡತನವೆಂದು ದಾಖಲಾಗುತ್ತದೆ. ಮೂಕಾಭಿನಯದಲ್ಲಿ ಎಲ್ಲರೂ ಮೂಕರೇ. ಒಮ್ಮೆ ಎಲ್ಲರೆದುರು ಮೈಯಿಂದ ಗೆದ್ದ ಮಗುವಿಗೆ ಮಾತು ತಾನಾಗಿ ಬರುತ್ತದೆ. ಅದಕ್ಕೇ ಬಲ್ಲ ಕಲಾವಿದರು ಮೂಕಾಭಿನಯದಿಂದ ಆರಂಭಿಸಿ ನಾಟಕಕ್ಕೆ ಬರುತ್ತಾರೆ.

ಮೌನಕ್ಕೆ ಎಂಥ ಶಕ್ತಿ ಇದೆಯೆಂಬುದಕ್ಕೆ ಫ್ರಾನ್ಸಿನ ಮಾರ್ಸೆಲ್ ಮಾರ್ಸೋ ಬಾಳಿನಲ್ಲಿ ಒಂದು ನಿದರ್ಶನವಿದೆ. 1923ರಲ್ಲಿ ಹುಟ್ಟಿ 2007ರಲ್ಲಿ ತೀರಿಕೊಂಡ ಮಾರ್ಸೋ ಜಗತ್ತಿನ ಅತಿ ಪ್ರಸಿದ್ಧ ಮೂಕಾಭಿನಯ ಕಲಾವಿದರು. ಎರಡನೆಯ ಮಹಾಯುದ್ಧದಲ್ಲಿ ಯಹೂದಿ ಮಕ್ಕಳನ್ನು ಗುಟ್ಟಾಗಿ ಸ್ವಿಟ್ಜರ್ಲೆಂಡಿನ ಗಡಿ ದಾಟಿಸುವ ಕೆಲಸದಲ್ಲಿ ಅವರು ಕೈಜೋಡಿಸಿದ್ದರು. ಮಕ್ಕಳು ಅತ್ತರೆ ಎಲ್ಲರಿಗೂ ಸಾವು. ದಾರಿಯಲ್ಲಿ ಮಕ್ಕಳು ಸದ್ದು ಮಾಡದಂತೆ ಅವರು ಅಭಿನಯ ಮಾಡಿ ರಂಜಿಸುತ್ತಿದ್ದರು. ಅವರ ತಂದೆ ನಾಜಿಗಳ ಸೆರೆಶಿಬಿರದಲ್ಲಿ ಕೊಲೆಯಾದರು. ಬಿಳಿ ಬಣ್ಣದ ಆ ಮುಖದ ಹಿಂದೆ ಇಂಥ ಇತಿಹಾಸವಿತ್ತು.

ಎರಡನೆಯ ಪ್ರಶ್ನೆ, ಯಾಕೆ ಕಲಿಸಬೇಕು? ಇದಕ್ಕೆ ಕನ್ನಡದಲ್ಲೇ ದೊಡ್ಡ ಪರಂಪರೆಯ ಉತ್ತರವಿದೆ. ಕುವೆಂಪು ಮಕ್ಕಳಿಗಾಗಿ ‘ನನ್ನ ಗೋಪಾಲ’, ‘ಮೋಡಣ್ಣನ ತಮ್ಮ’ ನಾಟಕಗಳನ್ನು ಬರೆದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣಕ್ಕೂ ಆಟ, ಕುಣಿತ, ನಾಟಕಕ್ಕೂ ಗಂಟು ಹಾಕಿದರು. ದಕ್ಷಿಣ ಕನ್ನಡದ ಮಂಚಿಯಲ್ಲಿ ಮೂರನೆಯ ಇಯತ್ತೆಯ ಹುಡುಗನೊಬ್ಬ ‘ನನ್ನ ಗೋಪಾಲ’ದಲ್ಲಿ ಪಾತ್ರ ಮಾಡಿದ. ಆ ರುಚಿ ಅವನನ್ನು ಬಿಡಲಿಲ್ಲ. ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿ ಸೇರಿದ. ಆತನೇ ಬಿ.ವಿ. ಕಾರಂತ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ ಅವರು ಮುಂದೆ ಅದೇ ಶಾಲೆಯ ನಿರ್ದೇಶಕರಾದರು. ಆದರೆ ಅದಕ್ಕೂ ಮೊದಲು, 1969ರಿಂದ 1972ರವರೆಗೆ, ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಅವರು ಮಕ್ಕಳಿಗೆ ನಾಟಕ ಕಲಿಸುವ ಶಿಕ್ಷಕರಾಗಿದ್ದರು ಎಂಬುದನ್ನು ಹಲವರು ಮರೆಯುತ್ತಾರೆ. ಅವರ ಪತ್ನಿ ಪ್ರೇಮಾ ಕಾರಂತರು 1979ರಲ್ಲಿ ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರ ಆರಂಭಿಸಿದರು. 1989ರಲ್ಲಿ ಮೈಸೂರಿನಲ್ಲಿ ಕಾರಂತರ ನೇತೃತ್ವದಲ್ಲಿ ಹುಟ್ಟಿದ ರಂಗಾಯಣ ಬೇಸಗೆಯಲ್ಲಿ ಚಿಣ್ಣರ ಮೇಳ ನಡೆಸುತ್ತ ಬಂತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು, 1985ರಿಂದ ತಿರುಗಾಟದ ಮೂಲಕ ನಾಟಕವನ್ನು ನಾಡಿನುದ್ದ ಒಯ್ಯಿತು. ವೈದೇಹಿಯವರು ಬರೆದ ‘ಧಾಂ ಧೂಂ ಸುಂಟರಗಾಳಿ’ಯಂಥ ನಾಟಕಗಳು ಮಕ್ಕಳ ಬಾಯಿಗೆ ಹದವಾದ ಕನ್ನಡ ಕೊಟ್ಟವು.

ಕಾರಂತರ ‘ಪಂಜರ ಶಾಲೆ’ ಈ ಪರಂಪರೆಯ ಸಾರವನ್ನೇ ಹೇಳುತ್ತದೆ. ರವೀಂದ್ರನಾಥ ಟಾಗೋರರ ಕಥೆಯನ್ನು ಆಧರಿಸಿದ ನಾಟಕವಿದು. ಹಾಡುವ, ಹಾರುವ ಒಂದು ಗಿಳಿಗೆ ವಿದ್ಯೆ ಕಲಿಸಬೇಕೆಂದು ರಾಜ ಅಪ್ಪಣೆ ಮಾಡುತ್ತಾನೆ. ಚಿನ್ನದ ಪಂಜರ ಸಿದ್ಧವಾಗುತ್ತದೆ, ಪಂಡಿತರು ಬರುತ್ತಾರೆ, ಪುಸ್ತಕದ ಹಾಳೆಗಳನ್ನು ಗಿಳಿಯ ಗಂಟಲಿಗೆ ತುರುಕುತ್ತಾರೆ. ಎಲ್ಲರೂ ವ್ಯವಸ್ಥೆಯನ್ನು ಹೊಗಳುತ್ತಾರೆ, ಗಿಳಿಯನ್ನು ನೋಡುವವರಿಲ್ಲ. ಕಥೆಯ ಕೊನೆಗೆ ಗಿಳಿ ಸತ್ತಿರುತ್ತದೆ. ಇದನ್ನು ಮಕ್ಕಳೇ ಆಡಿ ತೋರಿಸುವಾಗ ಮುಂದೆ ಕುಳಿತ ಹಿರಿಯರು ನಕ್ಕು, ಆಮೇಲೆ ಸುಮ್ಮನಾಗಬೇಕಾಗುತ್ತದೆ.

ಪಾಲಕರ ಆಕ್ಷೇಪವನ್ನೂ ಹಗುರವಾಗಿ ಕಾಣಬಾರದು. ‘ನಾಟಕ ಕಲ್ತು ನಮ್ಮ ಹುಡುಗ ಏನ್ ಮಾಡ್ತಾನ್ರಿ? ಎಸ್ಸೆಸ್ಸೆಲ್ಸಿ ಪಾಸಾದ್ರ ಸಾಕು’ ಎನ್ನುವ ತಂದೆ ತಪ್ಪಾಡುತ್ತಿಲ್ಲ. ಮಳೆ ನಂಬಿ ಬದುಕುವ ಎರೆಭೂಮಿಯ ರೈತನಿಗೆ ಮಗನ ನೌಕರಿಯೇ ಭರವಸೆ. ಆದರೆ ನೌಕರಿಯ ಸಂದರ್ಶನದಲ್ಲಿ ಕುರ್ಚಿಯ ತುದಿಗೆ ಕುಳಿತು ಗಂಟಲು ಒಣಗುವ ಹುಡುಗ ಎಷ್ಟು ಅಂಕ ಗಳಿಸಿದರೂ ಸೋಲಬಹುದು. ಹತ್ತು ಜನರ ಮುಂದೆ ನಿಲ್ಲುವ ಧೈರ್ಯ ಅಂಕಪಟ್ಟಿಯಲ್ಲಿ ಇರುವುದಿಲ್ಲ, ಆದರೆ ಬೇಕಾಗುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಸಂಗೀತ, ನೃತ್ಯ, ಚಿತ್ರಕಲೆಯೊಂದಿಗೆ ರಂಗಕಲೆಯನ್ನೂ ಕಲಿಕೆಯ ಭಾಗವಾಗಿಸಬೇಕು ಎಂದಿತು.

ಇನ್ನೊಂದು ಮಾತು ಹೆಣ್ಣುಮಕ್ಕಳದು. ಹಳ್ಳಿಯ ನಾಟಕಗಳಲ್ಲಿ ಮೊದಲು ಗಂಡಸರೇ ಸ್ತ್ರೀಪಾತ್ರ ಮಾಡುತ್ತಿದ್ದರು. ಬಳಿಕ ಬೇರೆ ಊರುಗಳಿಂದ ವೃತ್ತಿನಟಿಯರನ್ನು ಹಣ ಕೊಟ್ಟು ಕರೆಸುವ ರೂಢಿ ಬಂತು. ಊರಿನ ಸ್ವಂತ ಹೆಣ್ಣುಮಗಳು ಊರಿನ ರಂಗದ ಮೇಲೆ ಬರುವುದು ಅಪರೂಪ. ನಟಿಯ ಹಾಡಿಗೆ ಚಪ್ಪಾಳೆ ತಟ್ಟಿದ ಊರು ತನ್ನ ಮಗಳು ಗಟ್ಟಿಯಾಗಿ ನಕ್ಕರೆ ಗದರುತ್ತಿತ್ತು. ಶಾಲೆಯ ಅಂಗಳ ಮಾತ್ರ ಈ ಗೆರೆಯನ್ನು ಅಳಿಸಬಲ್ಲ ಜಾಗ. ಅಲ್ಲಿ ಹುಡುಗಿ ರಾಣಿಯಷ್ಟೇ ಅಲ್ಲ, ರಾಜನೂ ಆಗಬಹುದು, ನ್ಯಾಯ ಹೇಳುವ ಪಂಚಳೂ ಆಗಬಹುದು. ಒಮ್ಮೆ ನ್ಯಾಯ ಹೇಳಿ ನೋಡಿದ ಮಗಳು, ಓದು ಬಿಡಿಸಿ ಮದುವೆ ಮಾಡುವ ಮಾತು ಬಂದಾಗ ‘ನಾ ಒಲ್ಲೆ’ ಎನ್ನುವ ಧೈರ್ಯ ತಂದುಕೊಳ್ಳಬಹುದು.

ಮೂರನೆಯ ಪ್ರಶ್ನೆಯೇ ಕಠಿಣವಾದದ್ದು. ಕಲಾವಿದ ಹತ್ತು ದಿನ ಇದ್ದು ಹೋಗುತ್ತಾನೆ. ಕೊನೆಯ ದಿನ ಪ್ರದರ್ಶನ, ಹಾರ, ಫೋಟೊ. ಮರುದಿನ ಬೆಂಚುಗಳು ಮತ್ತೆ ಸಾಲಾಗುತ್ತವೆ. ಸರ್ಕಾರಿ ಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿದ ಉದಾಹರಣೆ ಕರ್ನಾಟಕದಲ್ಲಿ ಇದೆಯಾದರೂ ಎಲ್ಲ ಶಾಲೆಗೂ ಒಬ್ಬರು ಸಿಗುವ ಕಾಲ ಬಂದಿಲ್ಲ. ಪ್ರತಿಭಾ ಕಾರಂಜಿಯಂಥ ಸ್ಪರ್ಧೆಗಳಿವೆ, ಒಳ್ಳೆಯದೇ. ಆದರೆ ಸ್ಪರ್ಧೆಗೆ ಶಾಲೆ ಆರಿಸುವುದು ಈಗಾಗಲೇ ಬಲ್ಲ ಮಗುವನ್ನು. ಹಿಂದಿನ ಸಾಲಿನವರು ಅಲ್ಲಿಯೂ ಪ್ರೇಕ್ಷಕರೇ.

ಆದ್ದರಿಂದ ಬಂದ ಕಲಾವಿದನ ಕಡೆಯಿಂದ ಶಾಲೆ ಬರೀ ಒಂದು ಪ್ರದರ್ಶನ ಪಡೆದುಕೊಂಡರೆ ಸಾಲದು. ಅವನು ಮಕ್ಕಳಿಗೆ ಕಲಿಸುವಾಗ ಒಬ್ಬಿಬ್ಬರು ಶಿಕ್ಷಕರು ಬದಿಯಲ್ಲಿ ನಿಂತು ನೋಡದೆ ದುಂಡಿನೊಳಗೆ ಸೇರಬೇಕು. ಆಟಗಳನ್ನು ಬರೆದಿಟ್ಟುಕೊಳ್ಳಬೇಕು. ಶನಿವಾರದ ಮುಂಜಾನೆ ಶಾಲೆಯಲ್ಲಿ ಒಂದು ತಾಸು ಬೆಂಚು ಸರಿಸಿದರೆ ಆಯಿತು. ಪರದೆ ಬೇಡ, ಬಣ್ಣ ಬೇಡ, ಮೈಕು ಬೇಡ. ಇತಿಹಾಸದ ಒಂದು ಪಾಠ, ವಿಜ್ಞಾನದ ಒಂದು ಪ್ರಯೋಗ, ಊರಿನ ಒಂದು ಹಳೆಯ ಕಥೆ ಯಾವುದಾದರೂ ಸರಿ. ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ 1965ರಲ್ಲಿ ನಟರು ಪಾಠವನ್ನೇ ನಾಟಕ ಮಾಡಿ ಶಾಲೆಗೆ ಒಯ್ಯಲು ತೊಡಗಿದಾಗ ಅದು ಹೊಸ ಶಿಕ್ಷಣಕ್ರಮವೆನಿಸಿತು. ದೊಡ್ಡಾಟದಲ್ಲಿ ಭಾರತ, ರಾಮಾಯಣ ಕಲಿತ ಹಳ್ಳಿಗೆ ಅದರಲ್ಲಿ ಅಚ್ಚರಿಯೇನೂ ಇಲ್ಲ.

ಹಳೆಯ ಪೇಟಿ ಮಾಸ್ತರನನ್ನು ಮತ್ತೊಮ್ಮೆ ನೆನೆಯಬೇಕು. ಜಾತ್ರೆ ಮುಗಿದು ಆತ ಊರು ಬಿಡುವ ಹೊತ್ತಿಗೆ ಊರಲ್ಲಿ ಒಬ್ಬನಾದರೂ ಪೇಟಿಯ ಮೇಲೆ ಬೆರಳಾಡಿಸಲು ಕಲಿತಿರುತ್ತಿದ್ದ, ಒಬ್ಬನಾದರೂ ಇಡೀ ನಾಟಕವನ್ನು ಬಾಯಿಪಾಠ ಮಾಡಿರುತ್ತಿದ್ದ. ಮುಂದಿನ ವರ್ಷ ಮಾಸ್ತರ ಬಾರದಿದ್ದರೂ ಆಟ ನಿಲ್ಲುತ್ತಿರಲಿಲ್ಲ. ಇಂದು ಶಾಲೆಗೆ ಬರುವ ಕಲಾವಿದನನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು. ಆತ ಬಸ್ಸು ಹತ್ತಿ ಹೋದ ಮರುವಾರ ಬೆಂಚುಗಳನ್ನು ಗೋಡೆಗೆ ಸರಿಸುವ ಒಬ್ಬ ಮಾಸ್ತರ, ಒಬ್ಬ ಅಕ್ಕೋರು ಊರಲ್ಲಿ ಇದ್ದಾರೆಯೇ? ಇದ್ದರೆ ಆತ ಬಂದದ್ದು ಸಾರ್ಥಕ.