ವಿದೇಶದಲ್ಲಿ ಇಂಗ್ಲಿಷ್ ಪಾಠ: ಪಾಸ್‌ಪೋರ್ಟ್ ಯಾರ ಕೈಲಿದೆ?

ಮೊನ್ನೆ ದಾವಣಗೆರೆಯಿಂದ ಕೇಳುಗರೊಬ್ಬರು ಮೆಸೇಜ್ ಮಾಡಿದ್ರು. "ಥಾಯ್ಲೆಂಡ್‌ನಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಇದೆ, ಈಗ ಟೂರಿಸ್ಟ್ ಆಗಿ ಬಾ, ವೀಸಾ ಆಮೇಲೆ ಮಾಡಿಸೋಣ ಅಂತಿದ್ದಾರೆ. ಹೋಗ್ಲಾ?"

ನನಗೂ ಏಜೆಂಟ್ ಇದೇ ಮಾತು ಹೇಳಿದ್ದ. ಬಿ.ಕಾಂ ಮುಗಿಸಿ, ಆಡಿಟರ್ ಆಫೀಸಲ್ಲಿ ಜಿಎಸ್‌ಟಿ ರಿಟರ್ನ್ಸ್ ಹಾಕಿ ಹಾಕಿ ಸಾಕಾಗಿತ್ತು. ಅಮ್ಮನ ಬಳೆ ಅಡ ಇಟ್ಟು ಹೊರಟೆ. ಬ್ಯಾಂಕಾಕ್‌ನಲ್ಲಿ ಇಳಿದ ಮರುದಿನ ಅವನು ನಗ್ತಾನೇ ಕೇಳಿದ, "ಪಾಸ್‌ಪೋರ್ಟ್ ನಮ್ಮ ಆಫೀಸಲ್ಲೇ ಇರ್ಲಿ, ಸೇಫಾಗಿರುತ್ತೆ."

ಕೊಟ್ಟುಬಿಟ್ಟೆ. ತಪ್ಪು ಅಂತ ಗೊತ್ತಿತ್ತು. ಆದ್ರೆ ಆಗಲ್ಲ ಅಂದ್ರೆ ವಾಪಸ್ ಬರೋಕೆ ಟಿಕೆಟ್ ದುಡ್ಡೇ ಇರ್ಲಿಲ್ಲ.

ಮೂರನೇ ವಾರ ಶಾಲೆಯ ಥಾಯ್ ಟೀಚರ್ ಒಬ್ಬರು ಊಟದ ಹೊತ್ತಲ್ಲಿ ಮೆಲ್ಲಗೆ ಕೇಳಿದ್ರು, "ನಿನ್ನ ವರ್ಕ್ ಪರ್ಮಿಟ್ ಎಲ್ಲಿ?" ತುತ್ತು ಗಂಟಲಲ್ಲೇ ನಿಂತಿತು. ಮೋಸ ಮಾಡಿದವನು ಏಜೆಂಟ್, ಆದ್ರೆ ಪೊಲೀಸರು ಬಂದ್ರೆ ಕಾನೂನು ಮುರಿದವನು ನಾನು. ಅಣ್ಣನಿಂದ ದುಡ್ಡು ತರಿಸಿಕೊಂಡೆ. ಆ ಮೇಡಂ ಜೊತೆಗೆ ಬಂದ್ರು. ಬ್ಯಾಂಕ್ ಅಕೌಂಟ್ ತೆರೆಯೋಕೆ ಬೇಕು ಅಂತ ಹೇಳಿ ಪಾಸ್‌ಪೋರ್ಟ್ ಬಿಡಿಸಿಕೊಂಡು ಊರಿಗೆ ಬಂದೆ. ಮುಂದಿನ ವರ್ಷ ಸರಿಯಾದ ವೀಸಾದಲ್ಲೇ ಹೋಗಿ ಪಾಠ ಮಾಡಿದೆ.

ಹಾಗಾಗಿ ನನ್ನ ಲೆಕ್ಕ ಇಷ್ಟು.

ಒಂದು: ಅಲ್ಲಿ ಪಾಠ ಮಾಡೋಕೆ ನಾನ್-ಇಮಿಗ್ರಂಟ್ 'ಬಿ' ವೀಸಾ ಬೇಕು, ಮೇಲೆ ವರ್ಕ್ ಪರ್ಮಿಟ್ ಬೇಕು. ವೀಸಾ ಕೈಗೆ ಬರೋವರೆಗೂ ವಿಮಾನ ಹತ್ತಬೇಡಿ.

ಎರಡು: ಶಾಲೆಯ ಹೆಸರು, ಊರು ಕೇಳಿ, ಮ್ಯಾಪ್‌ನಲ್ಲಿ ಹುಡುಕಿ, ಶಾಲೆಯವರ ಜೊತೆಗೇ ವಿಡಿಯೊ ಕಾಲ್ ಮಾಡಿ. 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ವಿದೇಶಾಂಗ ಸಚಿವಾಲಯ ಒಂದು ಎಚ್ಚರಿಕೆ ಕೊಟ್ಟಿತ್ತು. ಥಾಯ್ಲೆಂಡ್‌ನಲ್ಲಿ ಕೆಲಸ ಅಂತ ಕರೆಸಿ, ಗಡಿ ದಾಟಿಸಿ ಮ್ಯಾನ್ಮಾರ್‌ನಲ್ಲಿ ಕೂಡಿಹಾಕಿ, ಆನ್‌ಲೈನ್ ವಂಚನೆ ಮಾಡಿಸ್ತಿದ್ರು. ಅವು ಐಟಿ ಕೆಲಸದ ಆಫರ್‌ಗಳು, ನಿಜ. ಆದ್ರೆ ಟೂರಿಸ್ಟ್ ಆಗಿ ಬಾ ಅನ್ನೋ ಯಾವ ಆಫರ್ ಬಂದ್ರೂ ಇದು ನೆನಪಿರ್ಲಿ.

ಮೂರು: ಪಾಸ್‌ಪೋರ್ಟ್ ಭಾರತ ಸರ್ಕಾರದ ಆಸ್ತಿ, ಅದರಲ್ಲೇ ಹಾಗಂತ ಬರೆದಿದೆ. ಜೆರಾಕ್ಸ್ ಕೊಡಿ, ಪುಸ್ತಕ ಕೊಡಬೇಡಿ.

ನಾಲ್ಕು: ಬೈಕ್. ಅಲ್ಲಿ ಎಲ್ರೂ ಬಾಡಿಗೆಗೆ ಓಡಿಸ್ತಾರೆ. ಸರಿಯಾದ ಲೈಸೆನ್ಸ್ ಇಲ್ಲದೆ ಬಿದ್ರೆ ಇನ್ಶೂರೆನ್ಸ್ ಕೈ ಎತ್ತಬಹುದು.

ಐದು: ಪೊಲೀಸ್ 191, ಟೂರಿಸ್ಟ್ ಪೊಲೀಸ್ 1155. ಇವುಗಳ ಜೊತೆ ಭಾರತೀಯ ರಾಯಭಾರ ಕಚೇರಿ ನಂಬರ್ ಫೋನಲ್ಲೂ ಇರ್ಲಿ, ಚೀಟಿಯಲ್ಲೂ ಇರ್ಲಿ. ದೂರು ಕೊಡೋಕೆ ಸರ್ಕಾರದ 'ಮದದ್' ಪೋರ್ಟಲ್ ಇದೆ.

ಕೊನೇದು, ಎಲ್ಲಕ್ಕಿಂತ ಮುಖ್ಯವಾದದ್ದು. ವಾಪಸ್ ಟಿಕೆಟ್ ದುಡ್ಡನ್ನ ಬೇರೆ ಅಕೌಂಟಲ್ಲಿ ಇಡಿ, ಹಸಿವಾದ್ರೂ ಮುಟ್ಟಬೇಡಿ. ಆ ದುಡ್ಡು ಇದ್ರೆ ಮಾತ್ರ "ಆಗಲ್ಲ" ಅನ್ನೋಕೆ ಬಾಯಿ ಬರುತ್ತೆ.

ದಾವಣಗೆರೆ ಫ್ರೆಂಡ್, ಈಗ ಹೋಗ್ಬೇಡಿ. ವೀಸಾ ಬಂದ್ಮೇಲೆ ಮತ್ತೆ ಮೆಸೇಜ್ ಮಾಡಿ. ಅಲ್ಲಿ ಎಲ್ಲಿ ಅನ್ನ-ಸಾರು ಸಿಗುತ್ತೆ ಅಂತ ಆಗ ಹೇಳ್ತೀನಿ. ಸಿಗೋಣ.