ಯಾವ ಸೆಕ್ಟರ್ 10?

ಊರಿನಿಂದ ಬಂದ ನೆಂಟರಿಗೆ "ಸೆಕ್ಟರ್ 10ಕ್ಕೆ ಬಂದುಬಿಡಿ" ಎಂದಷ್ಟೇ ಹೇಳಿ ನೋಡಿ. ರಿಕ್ಷಾದವರು ಮೊದಲು ಕೇಳುವುದೇ "ಯಾವ ಸೆಕ್ಟರ್ 10?" ಎಂದು. ವಾಶಿಯಲ್ಲೂ ಅದಿದೆ, ನೆರೂಳಿನಲ್ಲೂ ಇದೆ, ಕೋಪರ್‌ಖೈರಣೆಯಲ್ಲೂ ಇದೆ. ಡೊಂಬಿವಲಿ ಪಕ್ಕದ ಕೋಪರ್ ಸ್ಟೇಷನ್ನಿನಲ್ಲಿ ಇಳಿದು ಕೋಪರ್‌ಖೈರಣೆಯ ಮನೆ ಹುಡುಕಿದರೆ ಸಿಕ್ಕೀತೇ? ಬರೀ ಹೆಸರು ಸಾಲದು, ವಿಳಾಸ ಬೇಕು.

ಇಂದು ನಾನು ಹೇಳಹೊರಟಿರುವುದು ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯ ಬಗ್ಗೆ. ಮಹಾಪೆಗೋ ಐರೋಳಿಗೋ ಕೆಲಸಕ್ಕೆ ಹೋಗುವ ನಿಮ್ಮ ಮನೆಯ ಮಕ್ಕಳಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಎಷ್ಟೋ ವೆಬ್‌ಸೈಟುಗಳು ಇದರ ಮೇಲೆಯೇ ನಡೆಯುತ್ತವೆ. ಇದರಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು 'ಕ್ಲಾಸ್' ಬರೆದು, ಒಂದೊಂದನ್ನೂ ಬೇರೆ ಫೈಲಿನಲ್ಲಿ ಇಡುವುದು ವಾಡಿಕೆ.

ಮೊದಲು ಈ ಫೈಲುಗಳನ್ನೆಲ್ಲ ಪ್ರೋಗ್ರಾಮಿನ ತಲೆಯಲ್ಲೇ ಪಟ್ಟಿ ಮಾಡಿ ಕರೆಯಬೇಕಿತ್ತು. ಪಿಎಚ್‌ಪಿ ಪ್ರತಿ ಪುಟಕ್ಕೂ ಹೊಸದಾಗಿ ಶುರುವಾಗುತ್ತದೆ. ಹಾಗಾಗಿ ಬೇಕಿರುವುದು ಎರಡೇ ಫೈಲು ಆದರೂ ಐವತ್ತನ್ನೂ ಪ್ರತಿ ಸಲ ಹೊರಬೇಕು. ಡೊಂಬಿವಲಿಯಲ್ಲಿ ಬೀದಿಗೊಂದು ಪೋಳಿ-ಭಾಜಿ ಕೇಂದ್ರ ಇರುವಾಗ, ವಾರದ ಊಟವನ್ನೆಲ್ಲ ಡಬ್ಬಿಗೆ ತುಂಬಿಕೊಂಡು ಬೆಳಗಿನ ಲೋಕಲ್ ಹತ್ತಿದ ಹಾಗೆ!

2004ರಲ್ಲಿ ಬಂದ ಪಿಎಚ್‌ಪಿ 5 ಇದಕ್ಕೊಂದು ಉಪಾಯ ತಂದಿತು, ಅದೇ ಆಟೊಲೋಡ್. ಗೊತ್ತಿಲ್ಲದ ಕ್ಲಾಸಿನ ಹೆಸರು ಎದುರಾದಾಗ ಭಾಷೆ ನೀವು ಬರೆದಿಟ್ಟ ಒಂದು ಫಂಕ್ಷನ್ನನ್ನು ಕೇಳುತ್ತದೆ: "ಈ ಹೆಸರಿನವರು ಎಲ್ಲಿದ್ದಾರೆ?" ಅದು ಫೈಲನ್ನು ಹುಡುಕಿ ತರುತ್ತದೆ. ಬೇಕಾದಾಗ ಮಾತ್ರ, ಬೇಕಾದಷ್ಟು ಮಾತ್ರ. ಆದರೆ ಅಂಥ ಫಂಕ್ಷನ್ ಇಡೀ ಪ್ರೋಗ್ರಾಮಿಗೆ ಒಂದೇ. ಇಬ್ಬರು ಬರೆದ ಎರಡು ಲೈಬ್ರರಿಗಳು ತಮ್ಮ ತಮ್ಮದನ್ನು ತಂದರೆ ಜಗಳ. ಮರುವರ್ಷ ಪಿಎಚ್‌ಪಿ 5.1ರಲ್ಲಿ ಹಲವರನ್ನು ಸಾಲಾಗಿ ನಿಲ್ಲಿಸುವ ವ್ಯವಸ್ಥೆ ಬಂತು.

ಹೆಸರಿನ ಜಗಳ ಮಾತ್ರ ಉಳಿಯಿತು. ನಿಮ್ಮದೂ 'ಸದಸ್ಯ', ನನ್ನದೂ 'ಸದಸ್ಯ' ಎಂಬ ಕ್ಲಾಸ್ ಆದರೆ ಪ್ರೋಗ್ರಾಮು ಅಲ್ಲೇ ನಿಂತುಬಿಡುತ್ತದೆ. ಅದಕ್ಕೇ ಜನ ಅಂಡರ್‌ಸ್ಕೋರ್ ಪೋಣಿಸಿ ಉದ್ದುದ್ದ ಹೆಸರಿಡುತ್ತಿದ್ದರು, ನಮ್ಮ ಹಳೇ ಮೈಸೂರಿನವರು ಊರು, ತಂದೆಯ ಹೆಸರು ಎಲ್ಲ ಸೇರಿಸಿಕೊಳ್ಳುವ ಹಾಗೆ. 2009ರ ಪಿಎಚ್‌ಪಿ 5.3ರಲ್ಲಿ ನೇಮ್‌ಸ್ಪೇಸ್ ಬಂತು. ಊರು, ಬೀದಿ, ಮನೆ ಎಂಬಂತೆ ಹೆಸರಿನ ಭಾಗಗಳ ನಡುವೆ ಬ್ಯಾಕ್‌ಸ್ಲ್ಯಾಶ್. ಈ ಗುರುತನ್ನು ಆಗ ಬಹಳ ಜನ ಗೇಲಿ ಮಾಡಿದರು. ನನಗೂ ಅದು ಇವತ್ತಿಗೂ ಚೆಂದ ಕಾಣುವುದಿಲ್ಲ. ಇರಲಿ, ಕೆಲಸ ನಡೆಯುತ್ತದೆ. 2013ರ ಕೊನೆಗೆ ಪಿಎಸ್‌ಆರ್-4 ಎಂಬ ಒಪ್ಪಂದವಾಯಿತು: ನೇಮ್‌ಸ್ಪೇಸ್ ಹೇಗಿದೆಯೋ ಫೋಲ್ಡರ್ ಹಾಗೆ, ಕ್ಲಾಸ್ ಹೇಗಿದೆಯೋ ಫೈಲ್ ಹಾಗೆ. ಕಂಪೋಸರ್ ಎಂಬ ಸಾಧನ ಆ ವಿಳಾಸ ಓದಿ ಫೈಲು ತಂದುಕೊಡುತ್ತದೆ.

ಇಲ್ಲೇ ನಾನು ಒಮ್ಮೆ ಎಡವಿದ್ದು. ಒಂದು ಸಂಘದ ರಾಜ್ಯೋತ್ಸವಕ್ಕೆ ಊಟದ ಕೂಪನ್ ಕೊಡುವ ಪುಟ ಮಾಡಿದ್ದೆ. ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಸೊಗಸಾಗಿ ನಡೆಯಿತು. ಹಿಂದಿನ ರಾತ್ರಿ ಸರ್ವರಿಗೆ ಏರಿಸಿದರೆ 'ಸದಸ್ಯ ಎಂಬ ಕ್ಲಾಸ್ ಸಿಗಲಿಲ್ಲ' ಎಂಬ ಉತ್ತರ! ಬೆಳಿಗ್ಗೆ ಒಂಬತ್ತಕ್ಕೆ ಕಲ್ಯಾಣ, ಠಾಣೆಯಿಂದ ಕುಟುಂಬಗಳು ಬಂದು ಸಾಲು ನಿಲ್ಲುತ್ತವೆ. ಎರಡು ಗಂಟೆಯವರೆಗೆ ಕೋಡಿನ ಸಾಲು ಸಾಲನ್ನೂ ತಡಕಿದೆ. ಮನೆಯಾಕೆ ಚಹಾ ತಂದಿಟ್ಟು, "ಹೆಸರು ಸರಿಯಾಗಿ ಬರೆದಿದ್ದೀರಾ?" ಎಂದಳು. ನನಗೆ ಸಿಟ್ಟು ಬಂತು. ನೋಡಿದರೆ ಕ್ಲಾಸಿನ ಹೆಸರು ಇಂಗ್ಲಿಷಿನ ದೊಡ್ಡ ಎಸ್‌ನಿಂದ, ಫೈಲಿನ ಹೆಸರು ಚಿಕ್ಕ ಎಸ್‌ನಿಂದ. ವಿಂಡೋಸ್ ಎರಡನ್ನೂ ಒಂದೇ ಎಂದುಕೊಳ್ಳುತ್ತದೆ. ಸರ್ವರಿನ ಲಿನಕ್ಸ್‌ಗೆ ಅವು ಬೇರೆ ಬೇರೆ.

ನಿಮ್ಮ ಅಂಗಡಿಯದೋ ಸಂಘದ್ದೋ ಹಳೆಯ ಪಿಎಚ್‌ಪಿ ಸೈಟಿದ್ದರೆ ಇನ್ನೊಂದನ್ನೂ ನೋಡಿಸಿಕೊಳ್ಳಿ. 2004ರ ಆ ಮೊದಲ ಆಟೊಲೋಡ್ ವಿಧಾನವನ್ನು 2020ರ ಪಿಎಚ್‌ಪಿ 8ರಲ್ಲಿ ತೆಗೆದೇ ಹಾಕಿದ್ದಾರೆ. ಸರ್ವರಿನವರು ಆವೃತ್ತಿ ಬದಲಿಸಿದ ದಿನ ಸೈಟು ನಿಲ್ಲುತ್ತದೆ. ಬರೆದುಕೊಟ್ಟ ಹುಡುಗ ಅಷ್ಟರಲ್ಲಿ ಎಲ್ಲಿರುತ್ತಾನೋ! ಅವನ ಫೋನ್ ನಂಬರು ಕೈಯಲ್ಲಿರುವಾಗಲೇ ಒಮ್ಮೆ ಕೇಳಿಬಿಡಿ.